ಎಂಬತ್ತನಾಲ್ಕು ಇಂಚಿನ ಜೀಪು

ಹುಲುಗಪ್ಪ ತುಳಿದ ಒಂದೇ ಒಂದು ಬ್ರೇಕಿನ ಹೊಡೆತಕ್ಕೆ ಬಳ್ಳಾರಿಯ ಕೋಟೆ ಗುಡ್ಡ ಮೂಡಣಕ್ಕೆ ಒಂದೂವರೆ ಇಂಚು ಸರಿದು ಕುಳಿತಿದೆ. ಸುಳ್ಳೆನ್ನುವವರು ಟೇಪು ಹಿಡಿದುಕೊಂಡು ಹೋಗಿ ಅಳೆದು ನೋಡಬಹುದು. ಆವತ್ತು ಅವನು ತಾನೇ ಕಟ್ಟಿದ ಜೀಪಿನಲ್ಲಿ ಗುಡ್ಡದ ಬುಡಕ್ಕೆ ಗಾಳಿಯಂತೆ ಬಂದಿದ್ದನಂತೆ. ಹಂದಿಯೊಂದು ಅಡ್ಡ ಬಂತಂತೆ. ಮೂಕಪ್ರಾಣಿ ಪಾಪ ಎಂದು ಬ್ರೇಕು ತುಳಿದನಂತೆ. ಜೀಪು ನಿಂತಿತು, ಹಂದಿ ಉಳಿಯಿತು, ಆದರೆ ಜೀಪಿನ ವೇಗ ಮಾತ್ರ ನಿಲ್ಲಲಾರದೆ ತಾನೊಂದೇ ಮುಂದಕ್ಕೆ ಹೋಗಿ ಗುಡ್ಡಕ್ಕೆ ಬಡಿಯಿತು. ಗುಡ್ಡ ಸರಿದದ್ದು ಊರಿನವರಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದರೆ ಅದಕ್ಕೂ ಅವನಲ್ಲಿ ಉತ್ತರವಿತ್ತು: "ಊರೂ ಅದರ ಜೋಡಿ ಅಷ್ಟೇ ಸರದೈತಿ, ಹೆಂಗ ಗೊತ್ತಾಗಬೇಕು?"

ಸಿರುಗುಪ್ಪ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಗಣಿಗಳು ಬಿಸಾಕಿದ ಹಳೆ ಜೀಪುಗಳನ್ನು ಬಿಚ್ಚಿ ಕಲ್ಲುಮುಳ್ಳು ಹತ್ತುವ ಗಾಡಿಗಳನ್ನು ಕಟ್ಟುವ ಹುಲುಗಪ್ಪನನ್ನು ಬಲ್ಲವರೆಲ್ಲ ಈ ಕಥೆಯನ್ನು ಕೇಳಿದ್ದಾರೆ. ನಂಬಿದವರು ಯಾರೂ ಇಲ್ಲ. ಆದರೂ ಜೀಪು ಬೇಕೆಂದವರು ಅವನ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಅವನ ಬಾಯಿ ಎಷ್ಟು ಸಡಿಲವೋ ಅವನ ಬೆಸುಗೆ ಅಷ್ಟು ಬಿಗಿ.

ಆ ಬೇಸಿಗೆಯಲ್ಲಿ, ಹದ್ದುಗಳು ಕೂಡ ಕಾಲು ಸುಡುತ್ತದೆಂದು ತಗಡಿನ ಮೇಲೆ ಕೂರದ ಒಂದು ಮಧ್ಯಾಹ್ನ, ಸಿರುಗುಪ್ಪ ಸೀಮೆಯ ಕರೂರಿನಿಂದ ಗಂಡ ಹೆಂಡತಿ ಇಬ್ಬರು ಜಗಳವಾಡುತ್ತಲೇ ಶೆಡ್ಡಿನೊಳಗೆ ಬಂದರು. ಹೆಂಡತಿ ಸುಧಾರಾಣಿ. ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯದಲ್ಲಿ ಸುತ್ತಲ ಹಳ್ಳಿಯ ಗಂಡಸರ ಮುಖ ಕಪ್ಪಿಡಿಸಿದವಳು. ಗಂಡ ಚನ್ನಬಸವರಾಜ, ಮೆಲುಮಾತಿನವನು. ಅವರಿಗೆ ಒಂದು ಜೀಪು ಬೇಕಿತ್ತು. ಜಗಳವಿದ್ದದ್ದು ಅದರ ವೀಲ್‌ಬೇಸಿನದು, ಅಂದರೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನ ತನಕ ಎಷ್ಟು ಉದ್ದವಿರಬೇಕು ಎಂಬುದು.

"ಅಣ್ಣಾ, ಗಿಡ್ಡ ಗಾಡೀನ ಬೇಕು ನಂಗ," ಎಂದಳು ಸುಧಾರಾಣಿ. "ನಮ್ಮ ಗದ್ದಿ ಬದು ಮೊಣಕಾಲು ಮಟ ಅದಾವ. ಉದ್ದನ ಗಾಡಿ ಹತ್ತಿಸಿದ್ರ ಮುಂದಿನ ಗಾಲಿ ಆ ಕಡಿ, ಹಿಂದಿನ ಗಾಲಿ ಈ ಕಡಿ, ಹೊಟ್ಟಿ ಬದುವಿನ ಮ್ಯಾಲ. ತಕ್ಕಡಿ ತೂಗಿದಂಗ ತೂಗ್ತೈತಿ. ಇಳಸಾಕ ಮತ್ತೊಂದು ಟ್ರ್ಯಾಕ್ಟರ್ ಬೇಕು."

"ಗಿಡ್ಡ ಗಾಡಿ ಕಲ್ಲು ಏರುವಾಗ ಕುದುರಿಯಂಗ ಎದ್ದು ನಿಂದರತೈತಿ," ಎಂದ ಗಂಡ. ಅಂಗಿಯ ಗುಂಡಿ ಬಿಚ್ಚಿ ಹೆಗಲು ತೋರಿಸಿದ. ಕುತ್ತಿಗೆಯಿಂದ ತೋಳಿನ ತನಕ ಜರಿ ಹುಳು ಹರಿದಂತೆ ಹೊಲಿಗೆಯ ಗುರುತು. "ಹೋದ ವರ್ಷ ಕುರುಗೋಡಿನ ಪಂದ್ಯದಾಗ ಅಂಗಾತ ಬಿದ್ದೆ. ಎಂಬತ್ತು ಇಂಚಿನ ಗಾಡಿ. ಒಳಗ ಪ್ಲೇಟ್ ಹಾಕ್ಯಾರ. ಈ ಸಲ ನಾನು ಹೋಗಂಗಿಲ್ಲ ಅಂದ್ರ ಈಕಿ ಹೋಗ್ತೀನಿ ಅಂತಾಳ. ಹೋಗಲಿ, ಆದ್ರ ನೂರು ಇಂಚಿನ ಗಾಡ್ಯಾಗ ಹೋಗಲಿ."

ಕುರುಗೋಡಿನ ಗುಡ್ಡದಲ್ಲಿ ಆನೆಬೆನ್ನು ಎಂದು ಕರೆಯುವ ಒಂದು ಹಾಸುಬಂಡೆಯಿದೆ. ಬೇಸಿಗೆಯ ಕೊನೆಗೆ ಜೀಪಿನ ಹುಚ್ಚಿನವರೆಲ್ಲ ಸೇರಿ ಅದನ್ನು ಏರುತ್ತಾರೆ. ಹುಲುಗಪ್ಪನ ಪ್ರಕಾರ ಅದು ಗೋಡೆಗಿಂತ ಕಡಿದು. ಗೋಡೆಗಾದರೂ ಕೊನೆಯಲ್ಲಿ ಸೂರು ಇರುತ್ತದೆ, ಆನೆಬೆನ್ನಿಗೆ ಆಕಾಶವೇ ಕೊನೆ.

ಅವನು ಇಬ್ಬರ ಮಾತನ್ನೂ ಕೇಳಿದ. ಕಣ್ಣು ಮುಚ್ಚಿದ. ಮೂಗಿನ ಮೇಲಿನ ಬೆವರು ಒರೆಸಿಕೊಂಡ. ಆಮೇಲೆ ದೇವರು ಮೈಮೇಲೆ ಬಂದವನ ದನಿಯಲ್ಲಿ ಹೇಳಿದ:

"ಎಂಬತ್ತನಾಲ್ಕು."

"ಅದ್ಯಾಕ ಎಂಬತ್ತನಾಲ್ಕ?"

"ಎಂಬತ್ತಕ್ಕ ಹಿಂದಕ್ಕ ಬೀಳ್ತೈತಿ. ನೂರಕ್ಕ ಹೊಟ್ಟಿ ಹತ್ತತೈತಿ. ಎಂಬತ್ತನಾಲ್ಕಕ್ಕ ಬದೂನೂ ದಾಟ್ತೈತಿ, ಆನೆಬೆನ್ನೂ ಏರ್ತೈತಿ. ಈ ಲೆಕ್ಕ ನನ್ನ ಬಿಟ್ರ ಹಿಂದೂಸ್ತಾನದಾಗ ಯಾರಿಗೂ ಗೊತ್ತಿಲ್ಲ. ಜಪಾನಿನವರು ಕೇಳಾಕ ಬಂದಿದ್ರು, ಚಾ ಕುಡಿಸಿ ಕಳಿಸೀನಿ."

ಚನ್ನಬಸವರಾಜ ನಗಲಿಲ್ಲ. "ಹುಲುಗಪ್ಪಣ್ಣ, ಹೆಗಲಿಗೆ ಪ್ಲೇಟ್ ಹಾಕಬಹುದು. ಕುತ್ತಿಗಿಗೆ ಹಾಕಾಕ ಬರಂಗಿಲ್ಲ. ಖರೇನ ಹೇಳ್ರಿ, ಈಕಿ ಬೀಳಂಗಿಲ್ಲಲ್ಲ?"

ಈ ಪ್ರಶ್ನೆಗೆ ಸಾದಾ ಮನುಷ್ಯನಾಗಿದ್ದರೆ ಸಾದಾ ಉತ್ತರ ಕೊಡುತ್ತಿದ್ದ. ಹುಲುಗಪ್ಪ ಎದೆ ಬಡಿದುಕೊಂಡ. "ಬೀಳೂದು ದೂರ ಉಳೀತು. ಆವತ್ತು ಬಾಜೂ ಸೀಟಿನ್ಯಾಗ ನಾನೇ ಕುಂದರತೀನಿ. ಬಿದ್ರ ಇಬ್ಬರೂ ಕೂಡೇ ಬೀಳ್ತೀವಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಅವನಿಗೇ ತಿಳಿದದ್ದು. ಆದರೆ ಅಷ್ಟು ಹೊತ್ತಿಗೆ ಸುಧಾರಾಣಿ ಸರಿ ಎಂದಾಗಿತ್ತು.

ಮರುದಿನವೇ ಕೆಲಸ ಶುರುವಾಯಿತು. ಹುಲುಗಪ್ಪನ ಸ್ಟೀಲ್ ಟೇಪಿನ ಸ್ಪ್ರಿಂಗು ಕಡಿದಿತ್ತು. ಶೆಡ್ಡಿನ ಹಿಂದೆಯೇ ಮನೆ. ಬಾಗಿಲ ಪಕ್ಕದ ಮೊಳೆಗಳಲ್ಲಿ ಯಾವಾಗಲೂ ಎರಡು ಉದ್ದನೆಯ ಹಳದಿ ಬಟ್ಟೆಯ ಟೇಪುಗಳು ತೂಗುತ್ತಿದ್ದವು. ಅವನ ಹೆಂಡತಿ ಪಂಪಾವತಿ ಜೀನ್ಸ್ ಪ್ಯಾಂಟು ಹೊಲಿಯುವ ಘಟಕದಲ್ಲಿ ಕಟಿಂಗ್ ಮಾಸ್ಟರು. ಒಂದು ಅವಳದು, ಇನ್ನೊಂದು ಅವಳೇ ಘಟಕದಿಂದ ಅವನಿಗೆಂದು ತಂದುಕೊಟ್ಟಿದ್ದು. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡ. ತುದಿಗೆ ಸುತ್ತಿದ್ದ ಕೆಂಪು ದಾರ ಬೆರಳಿಗೆ ತಾಗಿತು. ತನ್ನ ಕೈಕೆಲಸಕ್ಕೆ ಊರವರ ದೃಷ್ಟಿ ತಾಗದಿರಲಿ ಎಂದು ಹೆಂಡತಿ ಕಟ್ಟಿರಬೇಕು ಎಂದುಕೊಂಡ. ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಆ ಪ್ರೀತಿಯಲ್ಲೇ ಎಂಬತ್ತನಾಲ್ಕು ಇಂಚು ಅಳೆದು, ಸೀಮೆಸುಣ್ಣದಲ್ಲಿ ಗೀಟು ಹಾಕಿ, ಗಾಡಿಯ ಅಡಿಚೌಕಟ್ಟಾದ ಚಾಸಿಯ ಕಬ್ಬಿಣ ಕತ್ತರಿಸಿ ಬೆಸೆದ.

ರಸ್ತೆಯ ಆಚೆ ಬದಿಯಲ್ಲಿ ಶಶಿಕಾಂತನ ಶೆಡ್ಡು. ಅವನೂ ಜೀಪು ಕಟ್ಟುವವನೇ. ಆದರೆ ಅವನ ಬಾಯಿಗೆ ಬೀಗ, ಕಿವಿಗೆ ಮಾತ್ರ ಬಾಗಿಲಿಲ್ಲ. ಹುಲುಗಪ್ಪ ಬೆಸುಗೆ ಹಾಕುತ್ತ ಹಾಕುತ್ತ ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಎಂಬತ್ತನಾಲ್ಕು! ಬರೋಬ್ಬರಿ ಎಂಬತ್ತನಾಲ್ಕು! ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ!"

ಎಂಜಿನ್ ಕೂತಿತು, ಗೇರ್ ಬಾಕ್ಸು ಕೂತಿತು. ಉಳಿದದ್ದು ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟು. ಅದು ಹಳೆಯ ಎಂಬತ್ತನಾಲ್ಕು ಇಂಚಿನ ಜೀಪೊಂದರದ್ದು, ತಾನಾಗಿ ಹೋಗಿ ಕೂರಬೇಕು. ಹುಲುಗಪ್ಪ ಅಡಿಯಲ್ಲಿ ಮಲಗಿ ಶಾಫ್ಟನ್ನು ಎತ್ತಿ ಹಿಡಿದ. ಒಂದು ತುದಿ ಕೂತಿತು. ಇನ್ನೊಂದು ತುದಿ ಗಾಳಿಯಲ್ಲಿ ಉಳಿಯಿತು.

ಎಳೆದ. ಒದ್ದ. ಬೈದ. ಒಂದು ಗೇಣಿಗೆ ತುಸು ಕಡಿಮೆ, ಅಷ್ಟು ಜಾಗ ಖಾಲಿ.

ಹೊರಗೆ ಬಂದು ಹಳದಿ ಟೇಪು ಹಿಡಿದು ಅಳೆದ. ಎಂಬತ್ತನಾಲ್ಕು. ಮತ್ತೆ ಅಳೆದ. ಎಂಬತ್ತನಾಲ್ಕು. ಬಾಗಿಲಿಗೆ ಅಳತೆ ಬೇಕಿತ್ತು ಎಂದು ಸುಳ್ಳು ಹೇಳಿ ಶಶಿಕಾಂತನ ಸ್ಟೀಲ್ ಟೇಪು ಇಸಿದುಕೊಂಡು ಬಂದು ಅಳೆದ. ತೊಂಬತ್ತು.

ಹುಲುಗಪ್ಪ ಬಾಯಿ ತೆರೆದ. ಅವನ ಜೀವಮಾನದಲ್ಲಿ ತೆರೆದ ಬಾಯಿಂದ ಮಾತು ಬಾರದೆ ಹೋದದ್ದು ಅದೇ ಮೊದಲು. ಚಾಸಿ ರಾತ್ರೋರಾತ್ರಿ ಬೆಳೆಯಲು ಅದೇನು ಸೋರೆಬಳ್ಳಿಯೆ? ಯೋಚಿಸಿ ಯೋಚಿಸಿ ಕೊನೆಗೆ ಅವನಿಗೆ ಹೊಳೆಯಿತು. ಬಿಸಿಲು! ಬಳ್ಳಾರಿಯ ಬಿಸಿಲಿಗೆ ಕಬ್ಬಿಣ ಉಬ್ಬಿದೆ. ರೈಲು ಹಳಿ ಉಬ್ಬುವುದಿಲ್ಲವೆ, ಹಾಗೆ. ಹಾಗಾದರೆ ಒಂದು ಟೇಪು ಎಂಬತ್ತನಾಲ್ಕು, ಇನ್ನೊಂದು ಟೇಪು ತೊಂಬತ್ತು ಯಾಕೆ ಹೇಳುತ್ತದೆ ಎಂಬ ಪ್ರಶ್ನೆ ಎದ್ದು ನಿಂತಿತು. ಅವನು ಅದನ್ನು ಗದರಿಸಿ ಕೂರಿಸಿದ. ಸಂಜೆ ಬಿಸಿಲು ಇಳಿದ ಮೇಲೆ ಚಾಸಿ ಕುಗ್ಗಬಹುದೆಂದು ಕಾದು ಕೂತ. ಸಂಜೆಯಾಯಿತು. ಶಶಿಕಾಂತನ ಟೇಪು ಮತ್ತೆ ತೊಂಬತ್ತೇ ಅಂದಿತು.

ಕತ್ತರಿಸಿ ಮತ್ತೆ ಬೆಸೆಯಲು ಸಮಯವಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕತ್ತರಿಸಿದರೆ ಶಶಿಕಾಂತ ನೋಡುತ್ತಾನೆ. ಹುಲುಗಪ್ಪ ಶಾಫ್ಟನ್ನು ಗೋಣಿಯಲ್ಲಿ ಸುತ್ತಿ, ಬಳ್ಳಾರಿಯ ಲೇತ್ ಅಂಗಡಿಗಳನ್ನೆಲ್ಲ ಬಿಟ್ಟು, ಮೋಕ ಊರಿನ ಮೇಲೆ ಹಾದು ಸಿರುಗುಪ್ಪದ ತನಕ ಬಸ್ಸಿನಲ್ಲಿ ಹೋಗಿ ಆರು ಇಂಚು ಉದ್ದ ಮಾಡಿಸಿದ. ಉದ್ದ ಗಾಡಿಯ ಹೊಟ್ಟೆ ಬದುವಿಗೆ ತಾಗಬಾರದಲ್ಲ, ಅದಕ್ಕೆ ಅಲ್ಲಿಯೇ ಎತ್ತರದ ಟೈರುಗಳನ್ನು ಆರಿಸಿದ. ಹಿಂದಿರುಗಿ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚು ಸೇರಿಸಿದ. ಜೀಪು ಹುಂಜದಂತೆ ಎದೆಯುಬ್ಬಿಸಿ ನಿಂತಿತು. ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು: "ಎಂಬತ್ತನಾಲ್ಕು!"

ಕರೂರಿನಲ್ಲಿ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತ್ತು. ಸುಧಾರಾಣಿ ಜೀಪನ್ನು ಬದುವಿನ ಮೇಲೆ ಹತ್ತಿಸಿದಾಗ ಹುಲುಗಪ್ಪ ಬದುವಿನ ಪಕ್ಕ ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಹೊಟ್ಟೆಯನ್ನೇ ನೋಡುತ್ತಿದ್ದ. ನಾಲ್ಕು ಬೆರಳು ಬೆಳಕು ಉಳಿಸಿ ಜೀಪು ದಾಟಿತು. ಅವನು ಎದ್ದು ಮಣ್ಣು ಕೊಡವಿಕೊಂಡು, "ನೋಡಿದ್ರೇನು? ಬದು ತಾನಾಗಿ ತಲಿ ಬಗ್ಗಿಸ್ತು!" ಎಂದ. ಆದರೆ ಒಳಗೊಳಗೆ ಅವನಿಗೆ ಬೆರಗು. ಅಳತೆ ತಪ್ಪಿದ ಜೀಪು ಹೀಗೆ ದಾಟಿತೇ?

ಕುರುಗೋಡಿನ ದಿನ ಬಂತು. ಆನೆಬೆನ್ನಿನ ಬುಡದಲ್ಲಿ ಜನವೋ ಜನ. ಹುಲುಗಪ್ಪನ ಲೆಕ್ಕದಲ್ಲಿ ಅರ್ಧ ಕರ್ನಾಟಕ, ಮುಕ್ಕಾಲು ಆಂಧ್ರ. ಅವನು ಹಳದಿ ಟೇಪನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಬಂದಿದ್ದ. ಸುಧಾರಾಣಿ ಹೆಲ್ಮೆಟ್ಟು ಕಟ್ಟಿಕೊಂಡು ಸೀಟಿನಲ್ಲಿ ಕೂತು, ಪಕ್ಕದ ಸೀಟನ್ನು ತಟ್ಟಿದಳು.

"ಬರ್ರಿ ಅಣ್ಣಾ."

"ಹೊಟ್ಟಿ ಯಾಕೋ ಸರಿ ಇಲ್ಲವಾ ತಂಗಿ..."

"ನಂದೂ ಸರಿ ಇಲ್ಲ. ಬರ್ರಿ."

ಚನ್ನಬಸವರಾಜ ಹತ್ತಿರ ಬಂದ. ಹುಲುಗಪ್ಪನ ಬೆಲ್ಟನ್ನು ತಾನೇ ಬಿಗಿದು, ಎರಡು ಸಲ ಎಳೆದು ನೋಡಿದ. ಹಾಗೆ ಎಳೆಯುವಾಗ ಅವನ ಕೈ ನಡುಗುತ್ತಿದ್ದುದನ್ನು ಹುಲುಗಪ್ಪ ಕಂಡ. ಇಳಿಯಬೇಕೆಂದುಕೊಂಡವನು ಇಳಿಯಲಿಲ್ಲ.

ಜೀಪು ಏರಿತು. ಮೊದಲು ಜನ ಮರೆಯಾದರು, ಆಮೇಲೆ ಗಿಡ ಮರೆಯಾದವು, ಆಮೇಲೆ ಕಣ್ಣೆದುರು ಉಳಿದದ್ದು ಬಾನೆಟ್ಟು ಮತ್ತು ಆಕಾಶ. ಬಂಡೆಯ ನಡುವೆ ಗೂನಿನಂಥ ಒಂದು ಗುಬುಟಿದೆ. ಚನ್ನಬಸವರಾಜ ಅಂಗಾತ ಬಿದ್ದದ್ದು ಅಲ್ಲೇ. ಮುಂದಿನ ಗಾಲಿಗಳು ಅದನ್ನು ದಾಟಿದವು, ಹಿಂದಿನವು ಅದಕ್ಕೆ ಒತ್ತಿಕೊಂಡವು, ಎಂಜಿನ್ ಗರ್ಜಿಸಿತು, ಮತ್ತು ಮುಂದಿನ ಗಾಲಿಗಳು ನೆಲ ಬಿಟ್ಟವು.

ಒಂದು ಗೇಣು. ಅಷ್ಟೇ. ಆದರೆ ಆ ಗೇಣಿನಲ್ಲಿ ಹುಲುಗಪ್ಪ ತನ್ನ ಹುಟ್ಟು, ಮದುವೆ, ತಿಥಿ ಮೂರನ್ನೂ ನೋಡಿದ. ಜೀಪು ಹಿಂದಕ್ಕೆ ಹೋಗಲೋ ಮುಂದಕ್ಕೆ ಬರಲೋ ಎಂದು ತೂಗಿತು. ಸುಧಾರಾಣಿ ಎಕ್ಸಲರೇಟರಿನ ಮೇಲಿನ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಗಾಲಿಗಳು ಧೊಪ್ಪನೆ ಕಲ್ಲಿಗೆ ಬಿದ್ದವು. ಜೀಪು ಮೇಲೆ ಹೋಗಿ ನಿಂತಿತು.

ಆ ತೂಗಿನಲ್ಲಿ ಅವನ ಮೈಗೆ ಒಂದು ವಿಷಯ ಗೊತ್ತಾಯಿತು. ಇನ್ನು ನಾಲ್ಕು ಬೆರಳು ಗಿಡ್ಡವಿದ್ದರೆ ಗಾಲಿಗಳು ನೆಲಕ್ಕೆ ಮರಳುತ್ತಿರಲಿಲ್ಲ. ಎಂಬತ್ತನಾಲ್ಕಾಗಿದ್ದರೆ ಇಬ್ಬರೂ ಈಗ ಬುಡದಲ್ಲಿ ಇರುತ್ತಿದ್ದರು, ಜೀಪು ಅವರ ಮೇಲೆ.

ಆದರೆ ಹಿಂದಿನ ದಾರಿಯಿಂದ ಸುತ್ತಿ ಬುಡಕ್ಕೆ ಬರುವಷ್ಟರಲ್ಲಿ ಜನ ಶಿಳ್ಳೆ ಹಾಕುತ್ತಿದ್ದರು. ಶಿಳ್ಳೆ ಕೇಳಿದ ಹುಲುಗಪ್ಪನಿಗೆ ಬಾಯಿ ಮರಳಿತು. "ಗಾಲಿ ಎತ್ತಿದ್ದು ನಾನು ಹೇಳಿನೇ! ಮ್ಯಾಲಿಂದ ಆಂಧ್ರ ಹೆಂಗ ಕಾಣ್ತೈತಿ ನೋಡೋಣಂತ!" ಎನ್ನುತ್ತ ಕೊರಳ ಟೇಪು ತೆಗೆದು, ಎಲ್ಲರೆದುರು ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಹಿಡಿದ. "ಓದ್ರಿ! ಎಷ್ಟೈತಿ?"

"ಎಂಬತ್ತನಾಲ್ಕು!" ಎಂದು ಜನ ಕೂಗಿದರು.

"ಅಂದ್ರ ನಂದೂ ಏರ್ತೈತಿ," ಎಂಬ ದನಿ ಬಂತು. ಶಶಿಕಾಂತ. ಅವನ ಹಿಂದೆ ಹೊಸ ಬಣ್ಣದ ಒಂದು ಜೀಪು. "ತಿಂಗಳಿಂದ ಎಂಬತ್ತನಾಲ್ಕು ಎಂಬತ್ತನಾಲ್ಕು ಅಂತ ಕೂಗಿದೆಲ್ಲಲೇ ಹುಲುಗ್ಯಾ. ನಾನೂ ಅಷ್ಟಕ್ಕ ಕಟ್ಟೀನಿ. ಸ್ಟೀಲ್ ಟೇಪಿನ್ಯಾಗ ಅಳದು, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ." ಹೀಗೆಂದು ಅವನು ಸೀಟಿಗೆ ಏರಿದ.

ಹುಲುಗಪ್ಪನ ಕೈಯಲ್ಲಿದ್ದ ಟೇಪಿನ ತುದಿ ಜಾರಿತು. ನಿಜವಾದ ಎಂಬತ್ತನಾಲ್ಕು! ಹೇಳಬೇಕೆಂದು ಬಾಯಿ ತೆರೆದ. ಸುತ್ತ ಅಷ್ಟು ಜನ ತನ್ನ ಬಾಯನ್ನೇ ನೋಡುತ್ತಿದ್ದರು. "ಶಶಿ, ಬಿಸಿಲು ಭಾಳ ಐತಿ, ಸಂಜಿಗೆ ಏರು," ಎಂದಷ್ಟೇ ಹೊರಬಂತು.

"ನೀ ಏರುವಾಗ ಬೆಳದಿಂಗಳಿತ್ತೇನು?"

ಜನ ನಗುತ್ತಿರುವಾಗಲೇ ಗುಂಪು ಎರಡಾಯಿತು. ನಡುವಿನಿಂದ ಪಂಪಾವತಿ ಬಂದಳು, ಹೆಗಲ ಮೇಲೆ ಒಂದು ಜೀನ್ಸ್ ಪ್ಯಾಂಟು, ಕೈಯಲ್ಲಿ ಒಂದು ಹಳದಿ ಟೇಪು. ಬಳ್ಳಾರಿಯಿಂದ ಬಸ್ಸಿನಲ್ಲಿ ಬಂದವಳ ಮುಖ ಹೇಗಿತ್ತೆಂದರೆ ಬಸ್ಸೇ ಅವಳಿಗೆ ಹೆದರಿ ಬೇಗ ಬಂದಿರಬೇಕು.

"ನೆಟ್ಟಗ ನಿಂದರು," ಎಂದು ಪ್ಯಾಂಟನ್ನು ಗಂಡನ ಸೊಂಟಕ್ಕೆ ಹಿಡಿದಳು. ಅದು ಅವನ ಕಣಕಾಲಿನ ಮೇಲೆಯೇ ಮುಗಿಯಿತು. "ನಿನ್ನ ಅಳತೀದೇ ಪ್ಯಾಂಟಿದು. ಒಂದು ಲಾಟ್ ಪೂರಾ ಹಿಂಗ ಆಗೈತಿ. ಮುಂಜಾನಿ ವಾಶಿಂಗಿನಿಂದ ಬಂತು. ಘಟಕದಾಗ ಎಲ್ಲಾರೂ ನನ್ನ ಮಾರಿ ನೋಡ್ತಾರ. ನನ್ನ ಟೇಪು ಎಲ್ಲೈತಿ?"

"ನಿನ್ನ ಕೈಯಾಗೇ ಐತೆಲ್ಲ!"

"ಇದು ನಿಂದು! ಮೊಳಿಗೆ ಇದೊಂದೇ ಇತ್ತು. ಕೆಂಪು ದಾರ ಉದುರೇತಿ ಅಂದ್ಕೊಂಡು ನಾನೇ ಬ್ಯಾರೆ ದಾರ ಕಟ್ಟಿ ಒಯ್ದೆ." ಅವಳು ಸುಧಾರಾಣಿಯ ಕಡೆ ತಿರುಗಿದಳು. "ಹೊಸ ಬಟ್ಟಿ ನೀರಿಗೆ ಬಿದ್ರ ಕುಗ್ಗತೈತ್ರಿ. ನೂರು ಬೇಕಂದ್ರ ನೂರಾಏಳು ಕತ್ತರಿಸಬೇಕು. ದಿನಾ ಲೆಕ್ಕ ಯಾರು ಹಾಕೋದಂತ ಇಂಚು ಇಂಚಿಗೂ ಅಷ್ಟಷ್ಟು ಹಿಗ್ಗಿಸಿ ನಾನೇ ಅಚ್ಚು ಹಾಕಿಸಿದ ಟೇಪು ಅದು, ನೋಡಾಕ ಎರಡೂ ಒಂದೇ. ಗುರ್ತಿಗೆ ಕೆಂಪು ದಾರ."

ಅವಳು ಗಂಡನ ಕೈಯಿಂದ ಟೇಪು ಕಸಿದುಕೊಂಡು ಎರಡನ್ನೂ ಒಟ್ಟಿಗೆ ಜೀಪಿನ ಗಾಲಿಯಿಂದ ಗಾಲಿಗೆ ಎಳೆದಳು. ಸುಧಾರಾಣಿ ಬಗ್ಗಿ ನೋಡಿದಳು. ಒಂದರಲ್ಲಿ ಎಂಬತ್ತನಾಲ್ಕು. ಪಕ್ಕದ್ದರಲ್ಲಿ ತೊಂಬತ್ತು.

ಶಿಳ್ಳೆ ನಿಂತಿತು.

"ಕಬ್ಬಿಣ... ಬಿಸಿಲಿಗೆ ಉಬ್ಬೈತಿ," ಎಂದ ಹುಲುಗಪ್ಪ.

"ಗಂಡ ಹೆಂಡ್ತಿ ಟೇಪಿನ ಜಗಳ ಮನ್ಯಾಗ ಮಾಡ್ಕೊಳ್ರಿ," ಎಂದು ದೂರದಿಂದ ಶಶಿಕಾಂತ ಕೂಗಿದ. ಟೇಪುಗಳಲ್ಲಿ ಏನು ಕಂಡಿತೆಂದು ಅವನಿಗೆ ತಿಳಿದಿರಲಿಲ್ಲ. ಅವನ ಜೀಪು ಗೇರಿಗೆ ಬಿದ್ದು ಬಂಡೆಯ ಕಡೆ ಹೊರಟಿತು.

ಚನ್ನಬಸವರಾಜ ತನ್ನ ಹೆಗಲನ್ನು ಹಿಡಿದುಕೊಂಡು ನಿಂತಿದ್ದ. ಹುಲುಗಪ್ಪ ಅದನ್ನು ನೋಡಿದ್ದೇ ಓಡಿದ. ಚಪ್ಪಲಿ ಎರಡೂ ದಿಕ್ಕಿಗೆ ಹಾರಿದವು. ಹೋಗಿ ಶಶಿಕಾಂತನ ಬಾನೆಟ್ಟಿನ ಮೇಲೆ ಹಲ್ಲಿಯಂತೆ ಬೋರಲು ಬಿದ್ದ.

"ನಿಲ್ಲಸಲೇ! ನಿಂದು ಹಿಂದಕ್ಕ ಬೀಳ್ತೈತಿ! ನಂದು ತೊಂಬತ್ತು!"

ಜೀಪು ಗಕ್ಕನೆ ನಿಂತಿತು. ಜನ ಓಡಿ ಬಂದು ಸುತ್ತುಗಟ್ಟಿದರು. ಬಾನೆಟ್ಟು ಕೆಂಡದಂತೆ ಸುಡುತ್ತಿದ್ದರೂ ಹುಲುಗಪ್ಪ ಇಳಿಯಲಿಲ್ಲ.

"ಟೇಪು ಬದಲಿ ಆಗಿದ್ದು ನಂಗ ಈಗ ಗೊತ್ತಾತು. ಆದ್ರ ಗಾಡಿ ತೊಂಬತ್ತು ಅನ್ನೂದು ಆವತ್ತೇ ಗೊತ್ತಿತ್ತು. ಶಾಫ್ಟ್ ಸಾಲಲಿಲ್ಲ. ನಿನ್ನ ಸ್ಟೀಲ್ ಟೇಪಿನ್ಯಾಗೇ ಅಳದೆ. ಬಾಗಿಲಿಗೆ ಅಂತ ಸುಳ್ಳು ಹೇಳಿದ್ನೆಲ್ಲ, ಆವತ್ತು. ಸಿರುಗುಪ್ಪಕ್ಕ ಕದ್ದು ಹೋಗಿ ಶಾಫ್ಟ್ ಉದ್ದ ಮಾಡಿಸಿದೆ, ಟೈರ್ ಎತ್ತರದ್ದು ಹಾಕಿದೆ. ನನ್ನ ಲೆಕ್ಕ ಎಂಬತ್ತನಾಲ್ಕು ಖರೇ, ಆದ್ರ ಆ ಲೆಕ್ಕ ತಪ್ಪು. ಎಂಬತ್ತನಾಲ್ಕಿದ್ರ ಸುಧಾರಾಣಿ ತಂಗಿ ಇವತ್ತು..." ಅವನು ಗುಬುಟಿನ ಕಡೆ ಕೈ ತೋರಿಸಿದ. "ಸರಿಯಾದದ್ದನ್ನ ನಾನು ಆರಿಸಲಿಲ್ಲ. ಪ್ಯಾಂಟಿನ ಟೇಪು ಆರಿಸ್ತು."

ಶಶಿಕಾಂತ ಎಂಜಿನ್ ಆರಿಸಿದ. ಆನೆಬೆನ್ನಿನ ಗುಬುಟನ್ನು ಒಮ್ಮೆ, ಬಾನೆಟ್ಟಿನ ಮೇಲಿನ ಹುಲುಗಪ್ಪನನ್ನು ಒಮ್ಮೆ ನೋಡಿದ.

ಸುಧಾರಾಣಿ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. "ಅಳತಿ ತಪ್ಪಿ ತೊಂಬತ್ತು ಆಗೈತಿ ಅಂತ ಗೊತ್ತಿದ್ದೂ ಬಾಜೂ ಸೀಟಿನ್ಯಾಗ ಕುಂತ್ರಿ?"

"ಇಳೀಬೇಕಂತಿದ್ದೆ. ನಿನ್ನ ಗಂಡನ ಕೈ ನಡುಗೂದು ಕಂಡೆ."

ಪಂಪಾವತಿ ಎರಡೂ ಟೇಪುಗಳನ್ನು ಸುತ್ತಿ, ಗಂಡನ ಟೇಪಿಗೆ ತಾನು ಕಟ್ಟಿದ್ದ ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಉಗುಳಿ, ಆ ಟೇಪನ್ನು ಅವನ ಕೈಗೆ ಇಟ್ಟಳು. ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳಿ ಮುಂಜಾನಿ ಘಟಕಕ್ಕ ಬಂದು ಇದನ್ನೇ ಅಲ್ಲೂ ಹೇಳಬೇಕು."

"ಹೇಳ್ತೀನಿ."

"ಮತ್ತ ಬಳ್ಳಾರಿ ಗುಡ್ಡ?" ಎಂದು ಗುಂಪಿನಿಂದ ಯಾರೋ ಕೇಳಿದರು.

ಹುಲುಗಪ್ಪ ಬಾನೆಟ್ಟಿನಿಂದ ಮೆಲ್ಲಗೆ ಇಳಿದ. ಸುಟ್ಟ ಅಂಗೈಗಳನ್ನು ಊದಿಕೊಂಡ. ಹೆಂಡತಿಯ ಕಡೆ ನೋಡಿದ, ಟೇಪಿನ ಕಡೆ ನೋಡಿದ.

"ಗುಡ್ಡ ಇದ್ದಲ್ಲೇ ಐತಿ," ಎಂದ. "ಆವತ್ತು ಬ್ರೇಕ್ ಹತ್ತಲಿಲ್ಲ. ನಾನು ಜಿಗಿದೆ. ಜೀಪು ಹೋಗಿ ಗುಡ್ಡಕ್ಕ ಬಡೀತು. ಹಂದೀನೂ ಇರಲಿಲ್ಲ."